ಹೆರಿಡಿಟರಿ ಆಫೀಸ್: ಒಂದು ಕಾನೂನು ಪದದ ಚರಿತ್ರೆ

1

ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಸುತ್ತಿನ ಯಾವುದೇ ಕಾಲೇಜಿನ ಹಾಜರಿ ಪುಸ್ತಕ ತೆರೆದು ನೋಡಬಹುದು. ಪಾಟೀಲ, ಗೌಡ್ರ, ಕುಲಕರ್ಣಿ, ದೇಸಾಯಿ, ದೇಶಪಾಂಡೆ, ತಳವಾರ, ವಾಲೀಕಾರ, ಸನದಿ ಎಂಬ ಅಡ್ಡಹೆಸರುಗಳು ಒಂದರ ಕೆಳಗೆ ಒಂದು ಸಾಲಾಗಿ ಇರುತ್ತವೆ. ದಿನಾ ಬೆಳಿಗ್ಗೆ ನಾನು ಈ ಹೆಸರು ಕೂಗುತ್ತೇನೆ, ಹುಡುಗರು ‘ಎಸ್ ಸರ್’ ಅನ್ನುತ್ತಾರೆ. ಇವೆಲ್ಲ ಒಂದು ಕಾಲಕ್ಕೆ ನೌಕರಿಯ ಹೆಸರುಗಳಾಗಿದ್ದವು ಎಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿದ್ದವರೂ ಅದನ್ನು ಹಿರೀಕರ ಮಾತು ಅಂತ ಬಿಟ್ಟಿದ್ದಾರೆ. ತಳವಾರ ಎಂಬ ಹೆಸರು ಒಂದೇ ಜಾತಿಯದೂ ಅಲ್ಲ. ಊರು ಕಾಯುವ ಆ ಕೆಲಸವನ್ನು ಬೇರೆ ಬೇರೆ ಕಡೆ ಬೇರೆ ಬೇರೆ ಜನ ಮಾಡಿದ್ದಾರೆ. 2020ರಲ್ಲಿ ಸಂಸತ್ತು ಪರಿಶಿಷ್ಟ ಪಂಗಡಗಳ ಪಟ್ಟಿಗೆ ತಿದ್ದುಪಡಿ ತಂದು ಕರ್ನಾಟಕದ ನಾಯಕ ಸಮುದಾಯಕ್ಕೆ ತಳವಾರ, ಪರಿವಾರ ಎಂಬ ಪರ್ಯಾಯ ಹೆಸರುಗಳನ್ನು ಸೇರಿಸಿತು. ಹುದ್ದೆಯ ಹೆಸರೊಂದು ಜಾತಿಯ ಹೆಸರಾಗಿ, ಜಾತಿಯ ಹೆಸರು ಪಟ್ಟಿಯ ಹೆಸರಾಗಲು ನೂರಾರು ವರ್ಷ ಹಿಡಿಯಿತು.

ಪಾಟೀಲನಿಂದ ಹಿಡಿದು ಹೊಲಗೇರಿಯ ವಾಲೀಕಾರನ ತನಕ ಎಲ್ಲರನ್ನೂ ಇಂಗ್ಲಿಷ್ ಕಾನೂನು ಒಂದೇ ಪದದಲ್ಲಿ ಕಟ್ಟಿಹಾಕಿತು. ಆ ಪದ ‘ಹೆರಿಡಿಟರಿ ಆಫೀಸ್’. ಕನ್ನಡದಲ್ಲಿ ಅದನ್ನು ವಂಶಪಾರಂಪರ್ಯ ಹುದ್ದೆ ಅನ್ನುತ್ತೇವೆ. ಈ ಲೇಖನ ಆ ಪದವನ್ನು ಕುರಿತದ್ದು. ದಲಿತ ವಿಮರ್ಶೆ ಎಂದ ಕೂಡಲೆ ಕವಿತೆ, ಕತೆ, ಆತ್ಮಕಥೆಗಳನ್ನು ಓದುವುದು ನಮಗೆ ರೂಢಿಯಾಗಿದೆ. ಆದರೆ ನಮ್ಮ ಜನರ ಬದುಕನ್ನು ಹೆಚ್ಚು ಆಳಿದ್ದು ಕಾಯ್ದೆಯ ವಾಕ್ಯಗಳು. ಅವೂ ಯಾರೋ ಬರೆದ ಪಠ್ಯಗಳೇ. ಅವುಗಳನ್ನು ಯಾರು, ಯಾರ ಪರವಾಗಿ, ಯಾವ ಪದ ಬಳಸಿ ಬರೆದರು ಎಂದು ಕೇಳುವುದೂ ವಿಮರ್ಶೆಯ ಕೆಲಸ.

2

ಮೊದಲು ‘ವತನ’ ಎಂಬ ಪದ. ಇದು ಅರಬ್ಬಿಯಿಂದ ಬಂದದ್ದು. ಹುಟ್ಟಿದ ನೆಲ, ತಾಯ್ನಾಡು ಎಂದು ಅದರ ಅರ್ಥ. ಉರ್ದು, ಹಿಂದಿ ಹಾಡುಗಳಲ್ಲಿ ಇವತ್ತಿಗೂ ಅದೇ ಅರ್ಥ. ದಖ್ಖನಿನ ಸುಲ್ತಾನರ, ಮರಾಠರ ಆಡಳಿತದಲ್ಲಿ ಅದು ಊರಿನಲ್ಲಿ ಒಬ್ಬನಿಗೆ ಪೀಳಿಗೆಯಿಂದ ಬಂದ ಹುದ್ದೆ, ಆ ಹುದ್ದೆಗೆ ಅಂಟಿದ ಹೊಲ, ಕಣದಲ್ಲಿ ಸಿಗುವ ಆಯ, ಹಬ್ಬದ ದಿನದ ಮಾನ ಇವೆಲ್ಲವನ್ನೂ ಒಟ್ಟಾಗಿ ಹೇಳುವ ಪದವಾಯಿತು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದು ಧಾರವಾಡ ಸೀಮೆ ಕಂಪನಿಯ ಕೈಗೆ ಬಂತು. ಈಗಿನ ಹಾವೇರಿ ಜಿಲ್ಲೆ 1997ರ ತನಕ ಧಾರವಾಡ ಜಿಲ್ಲೆಯ ಭಾಗವೇ ಆಗಿದ್ದರಿಂದ ನಮ್ಮ ಊರುಗಳ ಕತೆಯೂ ಅದರೊಳಗೇ ಬರುತ್ತದೆ. ಹೊಸ ದೊರೆಗಳಿಗೆ ಕಂದಾಯ ಬೇಕಾಗಿತ್ತು, ಅದನ್ನು ಅಗ್ಗದಲ್ಲಿ ವಸೂಲು ಮಾಡುವ ಜನ ಬೇಕಾಗಿತ್ತು. ಹಳೆಯ ವತನದಾರರು ಸಿದ್ಧವಾಗಿಯೇ ಸಿಕ್ಕರು.

ಈ ವ್ಯವಸ್ಥೆಗೆ ಪಕ್ಕಾ ಕಾನೂನಿನ ರೂಪ ಸಿಕ್ಕಿದ್ದು 1874ರಲ್ಲಿ, ಬಾಂಬೆ ಹೆರಿಡಿಟರಿ ಆಫೀಸಸ್ ಆಕ್ಟ್ ಮೂಲಕ. ಜನರ ಬಾಯಲ್ಲಿ ಇದು ವತನ ಕಾಯ್ದೆ. ಕಂದಾಯದ ಆಡಳಿತ ಮತ್ತು ವಸೂಲಿ, ಊರಿನ ಪೊಲೀಸು, ಗಡಿ ಗುರುತಿಸುವುದು, ಇಲ್ಲವೆ ಬೇರೆ ಸಿವಿಲ್ ಆಡಳಿತದ ಕೆಲಸಕ್ಕಾಗಿ ವಂಶಪಾರಂಪರ್ಯವಾಗಿ ಹಿಡಿದಿರುವ ಹುದ್ದೆಯೇ ಹೆರಿಡಿಟರಿ ಆಫೀಸ್ ಎಂದು ಕಾಯ್ದೆ ವ್ಯಾಖ್ಯೆ ಮಾಡಿತು. ಹುದ್ದೆ, ಅದಕ್ಕೆ ಸೇರಿದ ಆಸ್ತಿ, ಅದರ ಹಕ್ಕು ಮತ್ತು ಸವಲತ್ತು, ಇಷ್ಟೂ ಸೇರಿದರೆ ವತನ. ವತನದ ಹೊಲವನ್ನು ಸರಕಾರದ ಅಪ್ಪಣೆಯಿಲ್ಲದೆ ವತನದಾರನಲ್ಲದವನಿಗೆ ಪರಭಾರೆ ಮಾಡುವಂತಿಲ್ಲ.

ಈ ವ್ಯಾಖ್ಯೆಯಲ್ಲಿ ಜಾತಿ ಎಂಬ ಮಾತೇ ಇಲ್ಲ. ಓದಿದರೆ ಪಾಟೀಲನೂ ವತನದಾರ, ಚಾವಡಿ ಬಾಗಿಲಲ್ಲಿ ನಿಂತ ವಾಲೀಕಾರನೂ ವತನದಾರ, ಇಬ್ಬರೂ ‘ಹಕ್ಕು ಮತ್ತು ಸವಲತ್ತು’ ಉಳ್ಳವರು ಎಂದು ಕಾಣುತ್ತದೆ. ವ್ಯತ್ಯಾಸವನ್ನು ಆಡಳಿತ ಇನ್ನೊಂದು ಪದದಿಂದ ಮಾಡಿಕೊಂಡಿತು. ಪಾಟೀಲ, ಕುಲಕರ್ಣಿಗಿಂತ ಕೆಳಗಿನವರು ದಫ್ತರದಲ್ಲಿ ‘ಇನ್ಫೀರಿಯರ್’ ಸೇವಕರಾದರು. ಇನ್ಫೀರಿಯರ್ ಎಂದರೆ ಕೆಳದರ್ಜೆಯ ಎಂದಷ್ಟೆ ಅರ್ಥ, ಅದರಲ್ಲಿ ಅವಮಾನ ಏನಿದೆ ಎಂದು ಕೇಳುವವರಿದ್ದಾರೆ. ಕಚೇರಿಯಲ್ಲಿ ಕೆಳದರ್ಜೆಯ ಗುಮಾಸ್ತ ನಾಳೆ ಮೇಲಿನ ದರ್ಜೆಗೆ ಹೋಗುತ್ತಾನೆ. ಇಲ್ಲಿ ದರ್ಜೆಯ ಹಿಂದೆ ‘ಹೆರಿಡಿಟರಿ’ ಎಂಬ ಪದ ಇದೆ. ಎರಡೂ ಪದ ಕೂಡಿದಾಗ ಕೆಳಗಿರುವುದೇ ಪಿತ್ರಾರ್ಜಿತವಾಗುತ್ತದೆ. ಮನುಸ್ಮೃತಿಯ ಹೆಸರು ಎತ್ತದೆ ಅದರ ಕೆಲಸವನ್ನು ಈ ಎರಡು ಇಂಗ್ಲಿಷ್ ಪದಗಳು ಮಾಡಿದವು.

3

ನನ್ನ ಮುತ್ತಜ್ಜ ವಾಲೀಕಾರಿಕೆ ಮಾಡಿದವರು. ಅದರ ಹೊಲ ನಾಕು ಎಕರೆ. ಅಜ್ಜಿ ಸೊಸೆಯಾಗಿ ಆ ಮನೆಗೆ ಬಂದಾಗ ಚಾಕರಿ ಇನ್ನೂ ನಡೆದಿತ್ತು. ಈಗ ಎಂಬತ್ತು ದಾಟಿರುವ ಆಕೆಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ. ‘ಹೆರಿಡಿಟರಿ ಆಫೀಸ್’ ಅನ್ನುವುದನ್ನು ಆಕೆಗೆ ಬಿಡಿಸಿ ಹೇಳಲು ಹೋದೆ. ಆಕೆ ನಕ್ಕು ಹೇಳಿದ್ದಿಷ್ಟು:

“ಹೊಲ ಐತಿ ಅಂತ ಹೆಸರು. ಬಿತ್ತಾಕ ಹೊತ್ತು ಎಲ್ಲಿತ್ತೋ ಯಪ್ಪಾ? ಎತ್ತು ಹೂಡೂ ಹೊತ್ತಿಗೆ ಚಾವಡಿಯಿಂದ ಕೂಗು ಬರತಿತ್ತು. ನಿಮ್ಮ ಮುತ್ಯಾ ಊರಾಗ ಇಲ್ಲಂದ್ರ ನಿಮ್ಮಜ್ಜ ಹೋಗಬೇಕು. ಅವನೂ ಇಲ್ಲಂದ್ರ ನಾ ಹೋಗಿ ಚಾವಡಿ ಕಸಾ ಹೊಡದು ನೀರ ಹಾಕಿ ಬರಬೇಕು. ಇಲ್ಲ ಅನ್ನೂ ಹಂಗ ಇರಲಿಲ್ಲ. ಹೊಲಾ ಉಣ್ಣತೀರಿ ಅಂತಿದ್ರು.”

ಆ ಚಾಕರಿಯ ಪಟ್ಟಿ ಉದ್ದ. ರೈತರನ್ನು ಪಟ್ಟಿ ತುಂಬಲು ಚಾವಡಿಗೆ ಕರೆತರಬೇಕು. ವಸೂಲಾದ ರೊಕ್ಕದ ಜೊತೆ ಮಾಮಲೇದಾರ ಕಚೇರಿಗೆ ನಡೆಯಬೇಕು. ಸಾಹೇಬರು ಮುಕ್ಕಾಂ ಮಾಡಿದರೆ ಸಾಮಾನು ಹೊರಬೇಕು, ಕುದುರೆಗೆ ಹುಲ್ಲು ತರಬೇಕು. ಗಡಿಕಲ್ಲು ತೋರಿಸಬೇಕು, ಡಂಗುರ ಸಾರಬೇಕು. ಇವು ಸರಕಾರದ ಕೆಲಸ. ಇದರ ಜೊತೆ ಸತ್ತ ದನ ಎಳೆಯುವುದು, ಊರಿಂದೂರಿಗೆ ಸಾವಿನ ಸುದ್ದಿ ಒಯ್ಯುವುದು, ಗೌಡರ ಮನೆಯ ಸೌದೆ ಒಡೆಯುವುದು. ಇವು ಊರ ಕೆಲಸ. ಎಲ್ಲಿ ಸರಕಾರ ಮುಗಿಯಿತು, ಎಲ್ಲಿ ಊರು ಸುರುವಾಯಿತು ಎಂಬ ಗೆರೆ ಕಾಯ್ದೆಯಲ್ಲಿ ಇತ್ತೇನೋ, ಚಾವಡಿಯಲ್ಲಿ ಇರಲಿಲ್ಲ.

ಅಜ್ಜಿಯ ಮಾತಿನಲ್ಲಿ ಇನ್ನೊಂದು ವಿಷಯ ಇದೆ. ಚಾಕರಿಗೆ ಹೆಂಗಸೂ ಆಗುತ್ತಿದ್ದಳು. ವತನಕ್ಕೆ? 1886ರ ತಿದ್ದುಪಡಿಯಿಂದ ವತನದ ಉತ್ತರಾಧಿಕಾರದಲ್ಲಿ ಕೊನೆಯ ಗಂಡಸು ವಾರಸುದಾರನ ವಿಧವೆಯನ್ನು ಬಿಟ್ಟು ಉಳಿದ ಹೆಣ್ಣುಮಕ್ಕಳು ಕುಟುಂಬದ ಎಲ್ಲ ಗಂಡಸರಿಗಿಂತ ಹಿಂದೆ ಬಿದ್ದರು. ಕೆಲಸ ಮನೆಯ ಎಲ್ಲರದು, ವತನ ಗಂಡಸರದು. ದಲಿತ ಚರಿತ್ರೆ ಬರೆಯುವ ನಾವು ಗಂಡಸರು ಈ ಕಲಮನ್ನು ದಾಟಿಕೊಂಡು ಹೋಗುವಂತಿಲ್ಲ.

4

ವತನದ ಚರಿತ್ರೆಯಲ್ಲಿ ‘ಕಮ್ಯುಟೇಶನ್’ ಎಂಬ ಇನ್ನೊಂದು ಪದ ಬರುತ್ತದೆ. ಚಾಕರಿಯ ಬದಲು ವರ್ಷಕ್ಕೆ ಇಂತಿಷ್ಟು ಜೂಡಿ ಎಂದು ಸರಕಾರಕ್ಕೆ ಕಟ್ಟಿ, ಹೊಲವನ್ನು ಮಾತ್ರ ಇಟ್ಟುಕೊಳ್ಳುವುದು ಅದರ ಅರ್ಥ. ಯಾರಿಗೆ ಈ ಬಿಡುಗಡೆ ಯಾವಾಗ ಸಿಕ್ಕಿತು ಎಂದು ನೋಡಿದರೆ ಸಾಕು, ಹೆರಿಡಿಟರಿ ಆಫೀಸ್ ಎಂಬ ಒಂದೇ ಚಪ್ಪರದ ಕೆಳಗೆ ಇದ್ದವರು ಒಂದೇ ಆಗಿರಲಿಲ್ಲ ಎಂಬುದು ತಿಳಿಯುತ್ತದೆ.

ದೇಸಾಯಿ, ದೇಶಪಾಂಡೆಗಳಂಥ ಪರಗಣೆಯ ವತನದಾರರಿಗೆ ಅದು 1860ರ ದಶಕದಲ್ಲೇ ಸಿಕ್ಕಿತು. ಚರಿತ್ರೆಯಲ್ಲಿ ಇದು ಗಾರ್ಡನ್ ಸೆಟ್ಲಮೆಂಟ್. ಸರಕಾರಕ್ಕೆ ಅವರ ಕೆಲಸದ ಗರಜು ಉಳಿದಿರಲಿಲ್ಲ. ಜೂಡಿ ಕಟ್ಟಿದರು, ಕೆಲಸ ಬಿಟ್ಟರು, ಹೊಲ ಉಳಿಯಿತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಕುಲಕರ್ಣಿಗಳಿಗೂ ಇದೇ ದಾರಿ ತೆರೆಯಿತು, ಅವರ ಜಾಗದಲ್ಲಿ ಸಂಬಳದ ತಲಾಟಿಗಳು ಬಂದರು. 1874ರ ಕಾಯ್ದೆಯಲ್ಲಿ ಕಮ್ಯುಟೇಶನ್ನಿಗೆ ಅವಕಾಶ ಇತ್ತು. ಆದರೆ ಅದು ಕಲೆಕ್ಟರನ ಮರ್ಜಿಗೆ ಬಿಟ್ಟದ್ದು. ಹೊಲಗೇರಿಯ ವಾಲೀಕಾರನಂಥ ಅಗ್ಗದ ಆಳನ್ನು ಯಾವ ಸರಕಾರ ಬಿಟ್ಟುಕೊಟ್ಟೀತು?

ಈ ಪ್ರಶ್ನೆಯನ್ನು ಶಾಸನಸಭೆಯ ಒಳಗೆ ಎತ್ತಿದವರು ಬಾಬಾಸಾಹೇಬ ಅಂಬೇಡ್ಕರ್. 1928ರ ಮಾರ್ಚ್ 19ರಂದು ಮುಂಬಯಿ ಶಾಸನ ಪರಿಷತ್ತಿನಲ್ಲಿ ಅವರು ವತನ ಕಾಯ್ದೆಗೆ ತಿದ್ದುಪಡಿ ಮಸೂದೆ ಮಂಡಿಸಿದರು. ಅವರ ಮಾತು ಮಹಾರರನ್ನು ಕುರಿತದ್ದು. ಆದರೆ ತಿದ್ದಲು ಹೊರಟ ಕಾಯ್ದೆ ಧಾರವಾಡ ಜಿಲ್ಲೆಗೂ ಅನ್ವಯಿಸುತ್ತಿದ್ದ ಕಾಯ್ದೆಯೇ. ಕೆಲಸಕ್ಕೆ ಹೊತ್ತುಗೊತ್ತು ಇಲ್ಲ, ಒಬ್ಬನ ಹೆಸರಿನ ಹುದ್ದೆಗೆ ಇಡೀ ಮನೆಯವರನ್ನು ಎಳೆಯುತ್ತಾರೆ, ಎಲ್ಲ ಇಲಾಖೆಗಳಿಗೂ ಅವನೇ ಆಳು, ಕೊಡುವ ಪಗಾರ ಪಗಾರವೇ ಅಲ್ಲ ಎಂದು ಅವರು ಸಭೆಯ ಮುಂದೆ ವಾದಿಸಿದರು. ಬೇಡ ಅಂದವರಿಗೆ ಕಮ್ಯುಟೇಶನ್ ಸಿಗಬೇಕು, ಕೆಲಸ ಮಾಡುವವರಿಗೆ ಸರಿಯಾದ ಸಂಬಳ ಸಿಗಬೇಕು ಎಂಬುದು ಮಸೂದೆಯ ತಿರುಳು. ಮಸೂದೆ ಸೆಲೆಕ್ಟ್ ಕಮಿಟಿಗೆ ಹೋಯಿತು, ಅಲ್ಲಿ ಅದರ ಜೀವ ಹಿಂಡಿದ ಮೇಲೆ 1929ರಲ್ಲಿ ಅವರೇ ಅದನ್ನು ವಾಪಸು ತೆಗೆದುಕೊಂಡರು.

ಅಂಬೇಡ್ಕರರ ಈ ಹೆಜ್ಜೆಯನ್ನು ಮಹಾಡದ ಕೆರೆಯ ಸತ್ಯಾಗ್ರಹದಷ್ಟು ನಾವು ನೆನೆಯುವುದಿಲ್ಲ. ಮಹಾಡ 1927, ಈ ಮಸೂದೆ 1928. ಕುಡಿಯುವ ನೀರಿನ ಬೆನ್ನಿಗೇ ಅವರು ಹಿಡಿದದ್ದು ಈ ಕಾಯ್ದೆಯನ್ನು. ವತನ ಅಂದರೆ ಮಾನ, ಅದನ್ನು ಕಳಕೊಳ್ಳಬಾರದು ಎಂದು ನಂಬಿದ ಹಿರಿಯರು ನಮ್ಮ ಕೇರಿಗಳಲ್ಲೂ ಇದ್ದರು. ಹೊಲದ ಆಸೆ ತೋರಿಸಿ ಚಾಕರಿಗೆ ಕಟ್ಟಿದ್ದಾರೆ ಎಂದು ತಮ್ಮವರಿಗೇ ತಿಳಿಸಿ ಹೇಳುವ ಕಷ್ಟ ಅವರ ಮೇಲೆ ಬಿತ್ತು.

5

ಸ್ವಾತಂತ್ರ್ಯ ಬಂದ ಮೇಲೂ ಬಿಡುಗಡೆ ಮೇಲಿಂದ ಕೆಳಗೆ ಇಳಿಯುತ್ತ ಬಂತು. ಪರಗಣಾ ಮತ್ತು ಕುಲಕರ್ಣಿ ವತನಗಳ ರದ್ದಿಯಾತಿ ಕಾಯ್ದೆ 1950ರದು, ಜಾರಿಯಾದದ್ದು 1951ರ ಮೇ 1ರಿಂದ. ಆಗ ಧಾರವಾಡ ಮುಂಬಯಿ ರಾಜ್ಯದಲ್ಲೇ ಇತ್ತು. ಊರಿಗೆ ಉಪಯೋಗಿ ಸೇವಾ ಇನಾಮುಗಳ ರದ್ದಿಯಾತಿ 1953ರ ಕಾಯ್ದೆಯಿಂದ. ಕೆಳದರ್ಜೆಯ ವತನಗಳನ್ನು ತೆಗೆಯುವ ಕಾಯ್ದೆಗೆ 1958 ಬರಬೇಕಾಯಿತು, ಜಾರಿ 1959ರ ಆಗಸ್ಟಿನಲ್ಲಿ. ಅದರ ಹೆಸರು ‘ಬಾಂಬೆ ಇನ್ಫೀರಿಯರ್ ವಿಲೇಜ್ ವತನ್ಸ್ ಅಬಾಲಿಶನ್ ಆಕ್ಟ್’. ಸಂವಿಧಾನ ಜಾರಿಯಾಗಿ ಎಂಟು ವರ್ಷದ ಮೇಲೂ ‘ಇನ್ಫೀರಿಯರ್’ ಎಂಬ ಪದ ಕಾಯ್ದೆಯ ಹಣೆಯ ಮೇಲೆ ಹಾಗೇ ಕೂತಿತ್ತು.

ಆದರೆ ಆ ಕಾಯ್ದೆಯೂ ನಮಗೆ ಬರಲಿಲ್ಲ. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು. ಕರ್ನಾಟಕದ ಏಕೀಕರಣ ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ಏಕೀಕರಣದ ಚರಿತ್ರೆ ಬರೆದವರು ಈ ಒಂದು ಲೆಕ್ಕವನ್ನು ಎಲ್ಲೂ ಬರೆದಂತೆ ಕಾಣುವುದಿಲ್ಲ. ಗಡಿಯ ಆಚೆಯ ಮಹಾರರಿಗೆ 1959ರಲ್ಲಿ ಮುಗಿದ ವತನ ಈಚೆಯ ನಮ್ಮ ಕೇರಿಗಳಿಗೆ 1963ರ ಫೆಬ್ರುವರಿ 1ರ ತನಕ ಎಳೆಯಿತು. ಆ ದಿನ ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮ, 1961 ಜಾರಿಗೆ ಬಂತು. ಗೌಡಿಕೆಯೂ ಅದೇ ದಿನ ಹೋಯಿತು ಎಂಬುದನ್ನು ನ್ಯಾಯವಾಗಿ ಹೇಳಬೇಕು.

ಅಷ್ಟರಲ್ಲಿ ಸುಪ್ರೀಂ ಕೋರ್ಟು ಗಾಜುಲ ದಶರಥ ರಾಮರಾವ್ ಪ್ರಕರಣದಲ್ಲಿ, 1960ರ ಡಿಸೆಂಬರಿನಲ್ಲಿ, ಮುಖ್ಯ ಮಾತೊಂದನ್ನು ಹೇಳಿಯಾಗಿತ್ತು. ಗ್ರಾಮದ ಹುದ್ದೆಯೂ ಸರಕಾರದ ಅಧೀನದ ಹುದ್ದೆಯೇ, ಅದನ್ನು ವಂಶ ನೋಡಿ ಕೊಡುವುದು ಸಂವಿಧಾನದ 16(2)ನೇ ಅನುಚ್ಛೇದಕ್ಕೆ ವಿರುದ್ಧ. ಮೈಸೂರಿನ ಕಾಯ್ದೆಯನ್ನು ಪ್ರಶ್ನಿಸಿ ಹಳೆಯ ಪಟೇಲರು, ಶಾನುಭೋಗರು ಕೋರ್ಟಿಗೆ ಹೋದರು. 1966ರಲ್ಲಿ ಬಿ. ಆರ್. ಶಂಕರನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಅವರು ಕೋರ್ಟಿಗೆ ಹೋದದ್ದು ತಮ್ಮ ಹಕ್ಕು ಹೋಯಿತು ಎಂದು. ಅದೇ ಕಾಯ್ದೆಯಿಂದ ನಮ್ಮ ಮನೆಯಲ್ಲಿ ಹೋದದ್ದು ಚಾವಡಿಯ ಕೂಗು. ಒಂದು ಪದ, ಎರಡು ಅನುಭವ.

ಹುದ್ದೆಯ ಜೊತೆ ಹೊಲವೂ ಒಮ್ಮೆ ಸರಕಾರಕ್ಕೆ ಸೇರಿ, ಆಮೇಲೆ ಹಳೆಯ ಹುದ್ದೆದಾರನಿಗೇ ‘ರೀಗ್ರ್ಯಾಂಟ್’ ಆಗಬೇಕು. ಅದಕ್ಕೆ ಅರ್ಜಿ ಹಾಕಬೇಕು, ಆಕಾರದ ಲೆಕ್ಕದಲ್ಲಿ ಕಬ್ಜಾದ ಬೆಲೆ ತುಂಬಬೇಕು. ಓದು ಬರಹ ಬಲ್ಲವರಿಗೆ, ಕಚೇರಿ ತಿಳಿದವರಿಗೆ ಇದು ಸಲೀಸು. ನಮ್ಮವರು ಹೊಲ ಬಿಡಿಸಿಕೊಳ್ಳಲು ಸಾಲ ಮಾಡಿದರು, ಸಾಲ ತೀರಿಸಲು ಹೊಲ ಬರೆದುಕೊಟ್ಟರು. ನಮ್ಮ ನಾಕು ಎಕರೆ ಹೋದದ್ದು 1972ರ ಬರದಾಗ.

6

1978ರಲ್ಲಿ ಕರ್ನಾಟಕ ಒಂದು ದೊಡ್ಡ ಕಾಯ್ದೆ ಮಾಡಿತು. ಅದನ್ನು ನಾವು ಪಿಟಿಸಿಎಲ್ ಕಾಯ್ದೆ ಅನ್ನುತ್ತೇವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು ಶರ್ತು ಮುರಿದು ಪರಭಾರೆ ಮಾಡಿದ್ದರೆ ಅದು ರದ್ದು, ಹೊಲ ಮೂಲ ಮಂಜೂರುದಾರನಿಗೆ ಅಥವಾ ಅವನ ವಾರಸುದಾರರಿಗೆ ವಾಪಸು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ದಲಿತ ಚಳವಳಿಯ ಕೈಗೆ ಸಿಕ್ಕ ಗಟ್ಟಿ ಆಯುಧಗಳಲ್ಲಿ ಇದೊಂದು.

ನಮ್ಮಪ್ಪ ಈ ಕಾಯ್ದೆಯ ಕೆಳಗೆ ಅರ್ಜಿ ಹಾಕಿದರು. ನಾನಾಗ ಪಿಯುಸಿ ಓದುತ್ತಿದ್ದೆ. ಒಂದೂವರೆ ವರ್ಷ ಅಡ್ಡಾಡಿದ ಮೇಲೆ ಅರ್ಜಿ ವಜಾ ಆಯಿತು. ಆದೇಶದ ನಡುವೆ ಕಾಯ್ದೆಯ ಒಂದು ಇಂಗ್ಲಿಷ್ ಸಾಲು ಇತ್ತು. ‘ಮಂಜೂರಾದ ಜಮೀನು’ ಎಂದರೆ ಏನು ಎಂಬ ವ್ಯಾಖ್ಯೆಯ ಸಾಲು ಅದು. ಇನಾಮು ರದ್ದಿಯಾತಿ, ಭೂ ಸುಧಾರಣೆ ಕಾಯ್ದೆಗಳ ಕೆಳಗೆ ದಲಿತರಿಗೆ ಸಿಕ್ಕ ಜಮೀನೂ ಇದರಲ್ಲಿ ಬರುತ್ತದೆ, ಆದರೆ, ‘ಅದರ್ ದ್ಯಾನ್ ದಟ್ ರಿಲೇಟಿಂಗ್ ಟು ಹೆರಿಡಿಟರಿ ಆಫೀಸಸ್ ಆರ್ ರೈಟ್ಸ್’. ಅಂದರೆ, ವಂಶಪಾರಂಪರ್ಯ ಹುದ್ದೆ ಅಥವಾ ಹಕ್ಕುಗಳಿಗೆ ಸಂಬಂಧಿಸಿದ್ದನ್ನು ಬಿಟ್ಟು. ಅಪ್ಪ ಆ ಸಾಲನ್ನು ತೋರಿಸಿ, “ಏನ್ ಬರದಾರ ನೋಡಪಾ” ಅಂದರು. ಪದಗಳ ಅರ್ಥ ನನಗೆ ಗೊತ್ತಿತ್ತು. ಹೊಲ ಯಾಕೆ ಬರಲಿಲ್ಲ ಎಂಬುದನ್ನು ಹೇಳಲು ಬರಲಿಲ್ಲ.

ಕಾನೂನಿನ ತರ್ಕ ಹೀಗಿದೆ. ವತನದ ಹೊಲ ಮೊದಲಿನಿಂದಲೂ ಆ ಮನೆಯದೇ. ಸರಕಾರ ಮರುಮಂಜೂರು ಮಾಡಿದ್ದು ಹಳೆಯ ಹಕ್ಕಿನ ಮುಂದುವರಿಕೆ, ಹೊಸದಾಗಿ ಕೊಟ್ಟದ್ದಲ್ಲ. ಆದ್ದರಿಂದ ಅದು ‘ಮಂಜೂರಾದ ಜಮೀನು’ ಅಲ್ಲ. ಹೈಕೋರ್ಟಿನ ಹಲವು ತೀರ್ಪುಗಳೂ ಇದೇ ದಾರಿಯಲ್ಲಿವೆ. ಕುಲಕರ್ಣಿಯ, ಪಾಟೀಲನ ವತನಕ್ಕೆ ಈ ಮಾತು ಸರಿಯಿರಬಹುದು. ಆದರೆ ವಾಲೀಕಾರನ ಹೊಲ ಹಕ್ಕಿನ ಹೊಲವೆ? ಬಿಡಲು ಬಾರದ, ಮನೆಮಂದಿಯನ್ನೆಲ್ಲ ಎಳೆಯುವ ಚಾಕರಿಗೆ ಕೊಟ್ಟ ಕೂಲಿ ಅದು. ಸಂವಿಧಾನದ 23ನೇ ಅನುಚ್ಛೇದ ಬಿಟ್ಟಿ ಚಾಕರಿಯನ್ನು ನಿಷೇಧಿಸುತ್ತದೆ. 1874ರಲ್ಲಿ ಒತ್ತಾಯಕ್ಕೆ ‘ಹಕ್ಕು’ ಎಂದು ಹೆಸರಿಟ್ಟರು. 1978ರಲ್ಲಿ ಆ ಹೆಸರನ್ನೇ ನಿಜವೆಂದು ಹಿಡಿದು, ನಿಮಗೆ ಹಕ್ಕು ಇತ್ತಲ್ಲ, ರಕ್ಷಣೆ ಯಾಕೆ ಅಂದರು. ಪಿಟಿಸಿಎಲ್ ಬರೆದವರು ದಲಿತರ ವೈರಿಗಳೇನಲ್ಲ. ಅವರ ಕಣ್ಣಿಗೂ ಆ ಪದದ ಒಳಗಿದ್ದ ಎರಡು ಜಾತಿ ಕಾಣಲಿಲ್ಲ, ಅಷ್ಟೆ.

ಗ್ರಾಮ ಹುದ್ದೆಗಳ ಕಾಯ್ದೆಗೂ 1978ರಲ್ಲೇ ತಿದ್ದುಪಡಿ ಬಂದಿತ್ತು. ಮರುಮಂಜೂರಾದ ಹೊಲವನ್ನು ಆ ವರ್ಷದ ಆಗಸ್ಟ್ 7ರಿಂದ 15 ವರ್ಷ ಪರಭಾರೆ ಮಾಡುವಂತಿಲ್ಲ ಎಂದು. ಅಷ್ಟೊತ್ತಿಗೆ ಕೈಬಿಟ್ಟ ಹೊಲಗಳು ಬಿಟ್ಟೇ ಹೋಗಿದ್ದವು. ಉಳಿದವಕ್ಕೂ ಆ ತಡೆ 1993ರಲ್ಲಿ ಮುಗಿಯಿತು. 2017ರಲ್ಲಿ ಸುಪ್ರೀಂ ಕೋರ್ಟು ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ತಡವಾಗಿ ಬಂದ ಪಿಟಿಸಿಎಲ್ ಅರ್ಜಿ ನಿಲ್ಲದು ಎಂದ ಮೇಲೆ ದಲಿತ ಸಂಘಟನೆಗಳು ಬೀದಿಗೆ ಇಳಿದವು, 2023ರಲ್ಲಿ ಕಾಲಮಿತಿ ಇಲ್ಲ ಎಂಬ ತಿದ್ದುಪಡಿ ಬಂತು. ಅದು ಹೋರಾಟದ ಗೆಲುವು. ಆದರೆ ‘ಹೆರಿಡಿಟರಿ ಆಫೀಸಸ್’ ಎಂಬ ಹೊರತಿನ ಸಾಲು ಆ ತಿದ್ದುಪಡಿಯಲ್ಲೂ ಅಲುಗಲಿಲ್ಲ.

7

ಇದನ್ನೆಲ್ಲ ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಯಾಕೆ ಬರೆಯಬೇಕು? ಒಂದು ಉದಾಹರಣೆ ಕೊಡುತ್ತೇನೆ. ಕಾರಂತರ ‘ಚೋಮನ ದುಡಿ’ (1933) ಓದುವಾಗ ದಲಿತನಿಗೆ ನೆಲ ಇಲ್ಲ, ನೆಲದ ಆಸೆ ಮಾತ್ರ ಇದೆ ಎಂದು ಪಾಠ ಮಾಡುತ್ತೇವೆ. ದಕ್ಷಿಣ ಕನ್ನಡದ ಚೋಮನಿಗೆ ಅದು ನಿಜ. ಅದನ್ನೇ ಇಡೀ ಕರ್ನಾಟಕದ ದಲಿತನ ಚಿತ್ರ ಮಾಡಿದಾಗ ಮುಂಬಯಿ ಕರ್ನಾಟಕದ ವಾಲೀಕಾರ ಕಾಣೆಯಾಗುತ್ತಾನೆ. ಇವನಿಗೆ ನೆಲ ಇತ್ತು, ಆ ನೆಲದ ಮೂಲಕವೇ ಅವನನ್ನು ಕಟ್ಟಿದ್ದರು. ನೆಲ ಕೊಟ್ಟರೆ ಸಾಕು, ದಲಿತ ಸ್ವತಂತ್ರ ಎಂಬ ನಮ್ಮ ಸರಳ ಘೋಷಣೆಯನ್ನೂ ಈ ಚರಿತ್ರೆ ಮರುಚಿಂತನೆಗೆ ಹಚ್ಚುತ್ತದೆ. ಯಾವ ಶರ್ತಿನ ಮೇಲೆ, ಯಾವ ಪದದ ಕೆಳಗೆ ಕೊಟ್ಟ ನೆಲ ಎಂದೂ ಕೇಳಬೇಕು. ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥನಕ್ಕೆ ‘ಗೌರ್ಮೆಂಟ್ ಬ್ರಾಹ್ಮಣ’ ಎಂದು ಹೆಸರಿಟ್ಟು, ಸರಕಾರದ ಸವಲತ್ತು ಊರ ಬಾಯಲ್ಲಿ ಹೇಗೆ ಚುಚ್ಚುಮಾತಾಗುತ್ತದೆ ಎಂದು ತೋರಿಸಿದರು. ಅದೇ ಎಚ್ಚರವನ್ನು ಕಾಯ್ದೆಯ ಪದಗಳ ಮೇಲೂ ಇಡಬೇಕು.

ಮಾಡಬಹುದಾದ ಕೆಲಸಗಳಿವೆ. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಳೆಯ ಉತಾರ ತೆಗೆಸಿ, ವಾಲೀಕಾರಿಕೆ, ತಳವಾರಿಕೆ ಹೊಲಗಳ ಸರ್ವೆ ನಂಬರು ಬರೆದುಕೊಳ್ಳಲಿ. 1963ರಲ್ಲಿ ಯಾರ ಹೆಸರಿಗೆ ಇತ್ತು, ಈಗ ಯಾರ ಹೆಸರಿಗೆ ಇದೆ ಎಂದು ಎರಡು ಸಾಲು ಮಾಡಲಿ. ಚಾಕರಿ ಕಂಡ ಮುದುಕಿಯರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ, ಅವರ ಮಾತನ್ನು ಬರೆದಿಡಲಿ. ಸಂಘಟನೆಗಳು ಪಿಟಿಸಿಎಲ್ ವ್ಯಾಖ್ಯೆಯ ಆ ಹೊರತಿನ ಸಾಲಿಗೆ ತಿದ್ದುಪಡಿ ಕೇಳಲಿ. ಪಾಟೀಲ, ಕುಲಕರ್ಣಿ ವತನವನ್ನೂ ಪರಿಶಿಷ್ಟರ ಚಾಕರಿ ವತನವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂದು ಕೇಳಲಿ. ಬೇಡಿಕೆ ಚಿಕ್ಕದು, ಕೆಲವೇ ಪದಗಳದ್ದು. ಆ ಪದಗಳ ಕೆಳಗೆ ಎಷ್ಟು ಹೊಲ ಇದೆ ಎಂಬುದು ಉತಾರಗಳನ್ನು ಓದಿದಾಗ ತಿಳಿಯುತ್ತದೆ.

ನಮ್ಮ ನಾಕು ಎಕರೆಯಲ್ಲಿ ಈಗ ಮೆಣಸಿನಕಾಯಿ ಬೆಳೆಯುತ್ತಾರೆ. ಸುಗ್ಗಿಯಲ್ಲಿ ನಮ್ಮ ಕೇರಿಯ ಹೆಣ್ಣುಮಕ್ಕಳು ಬ್ಯಾಡಗಿ ಪೇಟೆಗೆ ಕಾಯಿ ತೊಟ್ಟು ಬಿಡಿಸಲು ಕೂಲಿಗೆ ಹೋಗುತ್ತಾರೆ, ಸಂಜೆ ಉರಿಯುವ ಕೈ ಹಿಡಕೊಂಡು ಬರುತ್ತಾರೆ. ಅವರ ಮಕ್ಕಳು ಮರುದಿನ ನನ್ನ ತರಗತಿಯಲ್ಲಿ ಕೂತಿರುತ್ತಾರೆ. ‘ವಾಲೀಕಾರ’ ಎಂದು ಹಾಜರಿ ಕೂಗುತ್ತೇನೆ. ಈ ವರ್ಷದಿಂದ ಹಾಜರಿ ಮುಗಿದ ಮೇಲೆ ಆ ಹೆಸರಿನ ಅರ್ಥವನ್ನೂ ಹೇಳಲು ಸುರು ಮಾಡಿದ್ದೇನೆ.